ಟ್ರೆವರ್‌ನನ್ನು ಬೈದು ಪ್ರಯೋಜನವಿಲ್ಲ

ಮೇ ತಿಂಗಳಿನಲ್ಲಿ ಬಳ್ಳಾರಿಯ ಮನೆಯೊಂದರಲ್ಲಿ ಫ್ರಿಜ್ ಕೆಟ್ಟರೆ, ಒಳಗಿನ ಹಾಲು ಒಡೆಯುವ ಮೊದಲೇ ಯಜಮಾನರ ತಾಳ್ಮೆಯ ಕಟ್ಟೆ ಒಡೆಯುತ್ತದೆ. ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಸುವ ಘಟಕವಿಟ್ಟುಕೊಂಡಿರುವ ನಮ್ಮ ಸಾಹುಕಾರರು ಸ್ವಭಾವತಃ ಮೆದು ಮಾತಿನವರು. ಆದರೆ ಆ ಸಂಜೆ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕುಳಿತವರೇ ಒಗ್ಗರಣೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಫ್ರಿಜ್ ಕಂಪನಿಯ ಏಳು ತಲೆಮಾರುಗಳನ್ನು ಸ್ಮರಿಸತೊಡಗಿದಾಗ ವಿಷಯ ಗಂಭೀರವೆಂದು ನಮಗೆ ಮನವರಿಕೆಯಾಯಿತು. ಅವರು ಒಗ್ಗರಣೆಯನ್ನು ಪಕ್ಕಕ್ಕೆ ಸರಿಸಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

“ಕನ್ನಡಕ್ಕಾಗಿ ಮೂರನ್ನು ಒತ್ತಿ ಎಂದಿತು, ಒತ್ತಿದೆ. ನಿಮ್ಮ ಕರೆ ನಮಗೆ ಅತ್ಯಮೂಲ್ಯ ಎಂದಿತು, ನಂಬಿದೆ. ಆ ಅಮೂಲ್ಯವಾದ ಕರೆಗೆ ಅರ್ಧ ಗಂಟೆ ಕೊಳಲು ಕೇಳಿಸಿದ ಮೇಲೆ ಒಬ್ಬ ಹುಡುಗ ಬಂದು ಹಿಂದಿಯಲ್ಲಿ ನನ್ನ ಹೆಸರು ಕೇಳಿದ. ಸೀರಿಯಲ್ ನಂಬರ್ ಓದುವುದಕ್ಕಾಗಿ ಫ್ರಿಜ್ಜಿನ ಹಿಂದೆ ಗೋಡೆಗೆ ಕೆನ್ನೆಯೊತ್ತಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನಿಂತಿದ್ದೆ. ಎಲ್ಲವನ್ನೂ ಬರೆದುಕೊಂಡು, ಇದು ನಮ್ಮ ವಿಭಾಗವಲ್ಲ, ಬೇರೆಯವರಿಗೆ ಕೊಡುತ್ತೇನೆ ಎಂದ. ಬೇರೆಯವರು ಬಂದು ಮತ್ತೆ ಮೊದಲಿನಿಂದ ನನ್ನ ಹೆಸರು ಕೇಳಿದರು!”

ನಿವೃತ್ತ ಡ್ರಿಲ್ ಮೇಷ್ಟ್ರು ಮಿರ್ಚಿಯ ತೊಟ್ಟನ್ನು ಕಿತ್ತು ಬದಿಗಿಟ್ಟು, ತೀರ್ಪು ಕೊಡುವವರ ಗತ್ತಿನಲ್ಲಿ, “ಇದಕ್ಕೆ ಫುಟ್‌ಬಾಲಿನಲ್ಲಿ ಬ್ಯಾಕ್‌ಪಾಸ್ ಎನ್ನುತ್ತಾರೆ” ಎಂದರು. ಒಂದು ಗೋಲು ಮುಂದಿರುವ ತಂಡವು ಆಡುವುದನ್ನು ಬಿಟ್ಟು ಚೆಂಡನ್ನು ತನ್ನದೇ ಗೋಲ್‌ಕೀಪರಿಗೆ, ಅಂದರೆ ಗೋಲಿಗೆ, ಕಳುಹಿಸುವುದು, ಗೋಲಿ ಅದನ್ನು ಕೈಯಲ್ಲೆತ್ತಿಕೊಂಡು ಮಗುವಿನಂತೆ ಆಡಿಸುತ್ತ ಕಾಲ ಕಳೆಯುವುದು, ಮತ್ತೆ ಉರುಳಿಸಿ ಮತ್ತೆ ಪಡೆಯುವುದು ಹಿಂದೆ ಮಾಮೂಲಾಗಿತ್ತಂತೆ. 1990ರ ವಿಶ್ವಕಪ್ ನೋಡಿ ಆಕಳಿಸಿದ ಮೇಲೆ, ಜೊತೆಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲಿ ಕೈಯಿಂದ ಮುಟ್ಟಕೂಡದೆಂದು 1992ರಲ್ಲಿ ನಿಯಮ ತಂದರು. “ಫುಟ್‌ಬಾಲಿನವರಿಗೆ ಬಂದ ಈ ಬುದ್ಧಿ ಫ್ರಿಜ್ಜಿನವರಿಗೆ ಇನ್ನೂ ಬಂದಿಲ್ಲ” ಎಂದು ಮೇಷ್ಟ್ರು ಎರಡನೆಯ ಮಿರ್ಚಿಗೆ ಕೈಹಾಕಿದರು.

“ಬ್ಯಾಕ್‌ಪಾಸ್ ಬಿಡಿ, ಆಮೇಲೆ ನಡೆದದ್ದು ಕೇಳಿ” ಎಂದರು ಸಾಹುಕಾರರು. ಹತ್ತರಿಂದ ಆರರೊಳಗೆ ಮೆಕ್ಯಾನಿಕ್ ಬರುತ್ತಾನೆ ಎಂದು ಸಂದೇಶ ಬಂದಿತ್ತು. ಸಾಹುಕಾರರು ಅಂಗಡಿಗೆ ಹೋಗದೆ, ಸ್ನಾನವನ್ನು ಅವಸರದಲ್ಲಿ ಮುಗಿಸಿ, ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕುಳಿತರು. ಐದೂವರೆಗೆ ಮೊಬೈಲು ಗುಣುಗುಟ್ಟಿತು: ‘ಗ್ರಾಹಕರು ಮನೆಯಲ್ಲಿಲ್ಲದ ಕಾರಣ ಭೇಟಿ ಸಾಧ್ಯವಾಗಲಿಲ್ಲ.’ ಅದನ್ನು ಓದಿದಾಗ ಅವರು ಹೊಸ್ತಿಲ ಮೇಲೆಯೇ ನಿಂತಿದ್ದರು.

“ಡೈವ್!” ಎಂದು ಮೇಷ್ಟ್ರು ಕೂಗಿದ ರಭಸಕ್ಕೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಯಾರೂ ಮುಟ್ಟದಿದ್ದರೂ ಮೊಣಕಾಲು ಹಿಡಿದುಕೊಂಡು ಮೂರು ಉರುಳು ಉರುಳುವ ಆಟಗಾರನಿಗೂ, ಓಣಿಗೇ ಕಾಲಿಡದೆ ‘ಬಾಗಿಲು ಹಾಕಿತ್ತು’ ಎಂದು ಬರೆಯುವವನಿಗೂ ವ್ಯತ್ಯಾಸವೇನೂ ಇಲ್ಲವೆಂದೂ, ಮೊದಲನೆಯವನಿಗಾದರೂ ರೆಫರಿ ಹಳದಿ ಕಾರ್ಡ್ ತೋರಿಸುತ್ತಾನೆಂದೂ ಅವರು ವಿವರಿಸಿದರು.

ಅಂತೂ ಮರುದಿನ ಮೆಕ್ಯಾನಿಕ್ ಬಂದನಂತೆ. ಫ್ರಿಜ್ಜಿನ ಮೇಲೆ ಕಿವಿಯಿಟ್ಟು, “ಗ್ಯಾಸ್ ಹೋಗಿದೆ ಸಾರ್, ಪಾರ್ಟ್ ಹುಬ್ಬಳ್ಳಿಯಿಂದ ಬರಬೇಕು” ಎಂದನಂತೆ. ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಇದೆಯಲ್ಲ ಎಂದರೆ, ಕಂಪ್ರೆಸರಿಗೆ ಇದೆ, ಅದರೊಳಗಿನ ಗ್ಯಾಸಿಗೆ ಇಲ್ಲ, ತಾನು ಬಂದುಹೋದ ಖರ್ಚಿಗೂ ಇಲ್ಲ ಎಂದನಂತೆ. ಅಷ್ಟೂ ಆದ ಮೇಲೆ, “ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬಂದಿರುತ್ತದೆ, ಹೇಳಿಬಿಡಿ” ಎಂದು ಕೇಳಿದನಂತೆ. ಸಾಹುಕಾರರು ಪಾಪ, ಹೇಳಿಬಿಟ್ಟರು. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ‘ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ’ ಎಂಬ ಸಂದೇಶ ಬಂತು. ಹಿಂದೆಯೇ ಐದು ನಕ್ಷತ್ರ ಬೇಡುವ ಇನ್ನೊಂದು ಬಂತು.

“ನಾನು ಮತ್ತೆ ಫೋನ್ ಮಾಡಿ ಆ ಹುಡುಗನಿಗೆ ಜನ್ಮದಲ್ಲಿ ಮರೆಯದಷ್ಟು ಬೈದೆ” ಎಂದು ಸಾಹುಕಾರರು ತುಸು ತೃಪ್ತಿಯಿಂದ ಹೇಳಿದಾಗ, ಅದುವರೆಗೆ ಚಹಾ ಕುಡಿಯುತ್ತ ಸುಮ್ಮನಿದ್ದ ವಕೀಲರು ಬಾಯಿ ತೆರೆದರು: “ತಪ್ಪು ಮಾಡಿದಿರಿ. ನೀವು ಟ್ರೆವರ್‌ನನ್ನು ಬೈದಿರಿ.”

ಟ್ರೆವರ್ ಯಾರೆಂದು ಸಾಹುಕಾರರಿಗೆ ತಿಳಿಯಲಿಲ್ಲ. ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು; ಅವರು ಹೆಗಲ ಮೇಲಿನ ಟವಲನ್ನು ಸರಿಪಡಿಸಿಕೊಂಡು 1981ರ ಫೆಬ್ರುವರಿ 1ಕ್ಕೆ, ಮೆಲ್ಬರ್ನ್ ಮೈದಾನಕ್ಕೆ ನಮ್ಮನ್ನೆಲ್ಲ ಕರೆದೊಯ್ದರು. ಏಕದಿನ ಪಂದ್ಯದ ಕೊನೆಯ ಚೆಂಡು. ಪಂದ್ಯ ಸಮವಾಗಬೇಕಾದರೆ ನ್ಯೂಜಿಲೆಂಡಿಗೆ ಸಿಕ್ಸರ್ ಬೇಕು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್, ಬೌಲರಾಗಿದ್ದ ತನ್ನ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಡು ಎಂದ. ಹಿರಿಯ ಅಣ್ಣ ಇಯಾನ್ ಕಾಮೆಂಟರಿಯ ಕೋಣೆಯಲ್ಲಿ ಕುಳಿತು ಬೇಡವೆಂದು ಗೋಗರೆದರೂ ತಮ್ಮ ಉರುಳಿಸಿಯೇ ಬಿಟ್ಟ. ನ್ಯೂಜಿಲೆಂಡಿನ ಬ್ಯಾಟ್ಸ್‌ಮನ್ ಮೆಕೆಕ್ನಿ ಅದನ್ನು ತಡೆದು, ಸಿಟ್ಟಿನಿಂದ ಬ್ಯಾಟನ್ನು ಬಿಸಾಡಿದ. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲವಾದ್ದರಿಂದ ಅಂಪೈರುಗಳು ಏನೂ ಮಾಡುವಂತಿರಲಿಲ್ಲ. ಆಸ್ಟ್ರೇಲಿಯಾ ಗೆದ್ದಿತು, ಮಾನ ಹೋಯಿತು. (ನಮ್ಮ ಓಣಿಯ ಕ್ರಿಕೆಟ್ಟಿನಲ್ಲಿ ಕಿಟಕಿಯ ಗಾಜಿಗೆ ಹೆದರಿ ಎಲ್ಲರೂ ಹಾಗೆಯೇ ಎಸೆಯುತ್ತಾರೆ, ಚಾಪೆಲ್ ಸೋದರರು ಇಲ್ಲಿ ಹುಟ್ಟಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.)

“ಈಗ ನೋಡಿ” ಎಂದರು ವಕೀಲರು. “ನಿಮಗೆ ಫೋನಿನಲ್ಲಿ ಸಿಕ್ಕ ಹುಡುಗ ಬರಿಯ ಟ್ರೆವರ್. ದಿನಕ್ಕೆ ಇಷ್ಟು ದೂರು ಮುಗಿಸಲೇಬೇಕು, ಓಟಿಪಿ ಪಡೆದ ಕೂಡಲೇ ಮುಗಿದಂತೆ ಎಂದು ಕಟ್ಟಳೆ ಮಾಡಿದ ಗ್ರೆಗ್ ಎಲ್ಲೋ ಹವಾನಿಯಂತ್ರಿತ ಕೋಣೆಯಲ್ಲಿದ್ದಾನೆ. ಅವನ ಫ್ರಿಜ್ ಸರಿಯಾಗಿಯೇ ಇದೆ. ಮೂರು ಒತ್ತಿದರೂ ಒಂಬತ್ತು ಒತ್ತಿದರೂ ಗ್ರೆಗ್ ಸಿಗುವುದಿಲ್ಲ. ಬೈಸಿಕೊಳ್ಳುವುದಕ್ಕೆಂದೇ ಟ್ರೆವರ್‌ನನ್ನು ಮುಂದೆ ಕೂರಿಸಿರುತ್ತಾರೆ.”

ಸಾಹುಕಾರರು ತಲೆದೂಗಿದರು. ಅವರು ತಲೆದೂಗದೇ ಇದ್ದಿದ್ದರೆ ಒಳ್ಳೆಯದಿತ್ತು, ಏಕೆಂದರೆ ಮೇಷ್ಟ್ರಿಗೆ ಅದೇ ಕ್ಷಣ ಹಳೆಯದೊಂದು ನೆನಪಾಯಿತು. ಸಾಹುಕಾರರ ಘಟಕದಲ್ಲಿಯೇ ಕೊಂಡ ಜೀನ್ಸ್ ಪ್ಯಾಂಟಿನ ಜಿಪ್ಪು ಮೊದಲ ವಾರದಲ್ಲಿಯೇ ಕೈಕೊಟ್ಟಾಗ, ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದ ಮೇಷ್ಟ್ರಿಗೆ ಕೌಂಟರಿನ ಹುಡುಗ, “ಧಣಿ ಊರಲ್ಲಿ ಇಲ್ಲ” ಎಂದಿದ್ದನಂತೆ; ಒಳಗಿನಿಂದ ಧಣಿಯ ಕೆಮ್ಮು ಸ್ಪಷ್ಟವಾಗಿ ಕೇಳಿಸುತ್ತಿತ್ತಂತೆ.

“ಕೆಮ್ಮು ಯಾರದ್ದೂ ಆಗಿರಬಹುದು” ಎಂದರು ಸಾಹುಕಾರರು.

“ಗ್ರೆಗ್‌ನ ಕೆಮ್ಮು” ಎಂದು ವಕೀಲರು ತೀರ್ಪು ದಾಖಲಿಸಿದರು.

ತಮ್ಮನ್ನು ಗ್ರೆಗ್ ಚಾಪೆಲ್ ಪಂಗಡಕ್ಕೆ ಸೇರಿಸಿದ್ದು ಸಾಹುಕಾರರಿಗೆ ನೋವಾಯಿತು. ವ್ಯಾಪಾರದಲ್ಲಿ ಧರ್ಮರಾಯನಂತೆ ಕುಳಿತರೆ ಹೊಟ್ಟೆ ತುಂಬುವುದೇ ಎಂದು ಅವರು ವಾದ ಹೂಡಿದರು. ಇದಕ್ಕೆ ಉತ್ತರವಾಗಿ ನಾನು, ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಗುಂಡಪ್ಪ ವಿಶ್ವನಾಥರನ್ನು ಮುಂದಿಟ್ಟೆ. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಿದ್ದರು; ಬ್ಯಾಟಿಗೆ ಚೆಂಡು ತಾಗಿಲ್ಲವೆಂದು ನಾಯಕ ವಿಶ್ವನಾಥ್ ತಾವಾಗಿಯೇ ಅವರನ್ನು ಮರಳಿ ಆಡಲು ಕರೆದರು. ಅದನ್ನು ಹೇಳುವಾಗ ನನ್ನ ಕಂಠ ಸ್ವಲ್ಪ ಗದ್ಗದವಾಗಿದ್ದಿರಬೇಕು.

“ಪಂದ್ಯ ಏನಾಯಿತು?” ಎಂದು ಸಾಹುಕಾರರು ಲೆಕ್ಕದ ಪುಸ್ತಕ ತೆರೆದಂತೆ ಕೇಳಿದರು.

ಹೇಳಲೇಬೇಕಾಯಿತು. ಮರಳಿ ಬಂದ ಟೇಲರ್, ಬೋಥಮ್ ಜೊತೆ ದೊಡ್ಡ ಜೊತೆಯಾಟ ಆಡಿದರು. ಬೋಥಮ್ ಶತಕವನ್ನೂ ಹೊಡೆದು 13 ವಿಕೆಟ್ಟುಗಳನ್ನೂ ಕಿತ್ತರು. ಭಾರತ 10 ವಿಕೆಟ್ಟುಗಳಿಂದ ಸೋತಿತು.

“ನೋಡಿದಿರಾ!” ಎಂದು ಸಾಹುಕಾರರು ಒಗ್ಗರಣೆಯ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

“ಸೋತರೂ ಇಷ್ಟು ವರ್ಷಗಳ ಮೇಲೆ ನಾವು ಅವರನ್ನು ನೆನೆಯುತ್ತಿದ್ದೇವೆ. ನಿಮ್ಮ ಜಿಪ್ಪನ್ನೂ ನೆನೆಯುತ್ತಿದ್ದೇವೆ” ಎಂದರು ಮೇಷ್ಟ್ರು.

ಜಗಳ ಜಿಪ್ಪಿನ ಕಡೆಗೆ ಪೂರ್ತಿ ಹೊರಳುವ ಮೊದಲೇ ವಕೀಲರು ಕಾನೂನನ್ನು ನಡುವೆ ತಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆಯೆಂದೂ, ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದೆಂದೂ, 5 ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲವೆಂದೂ, ತೊಂದರೆ ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಬೇಕೆಂದೂ, ಅದಕ್ಕೂ ಮೊದಲು ಬೇಕಾದರೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹೇಳಿಕೊಳ್ಳಬಹುದೆಂದೂ ಅವರು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ವಕೀಲರನ್ನು ಇಡಲೇಬೇಕೆಂದೇನೂ ಇಲ್ಲ ಎಂಬ ಅಂಶವನ್ನು ಮಾತ್ರ ಸ್ವಲ್ಪ ಕೆಳದನಿಯಲ್ಲಿ ಸೇರಿಸಿದರು.

“ಅಂದರೆ ಮೂರನೆಯ ಅಂಪೈರ್” ಎಂದರು ಮೇಷ್ಟ್ರು. “1992ರಲ್ಲಿ ಡರ್ಬನ್ನಿನಲ್ಲಿ ಮೂರನೆಯ ಅಂಪೈರ್ ಟಿವಿ ನೋಡಿ ಮೊದಲ ಬಾರಿಗೆ ಔಟ್ ಕೊಟ್ಟದ್ದು ನಮ್ಮ ಸಚಿನ್ ತೆಂಡೂಲ್ಕರರಿಗೇ.”

ಇದನ್ನು ಕೇಳಿ ಸಾಹುಕಾರರ ಉತ್ಸಾಹ ಅರ್ಧಕ್ಕಿಳಿಯಿತು. ಆದರೂ ದೂರು ಬರೆಯಲು ಒಪ್ಪಿ, ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿಟ್ಟಿದ್ದ ಬಿಲ್ಲನ್ನು ತೆಗೆದು ವಕೀಲರ ಕೈಗಿತ್ತರು. ವಕೀಲರು ಕನ್ನಡಕ ಏರಿಸಿದರು, ಇಳಿಸಿದರು, ದೀಪದ ಕೆಳಗೆ ಹಿಡಿದರು. ಶಾಯಿಯಿಲ್ಲದೆ ಶಾಖದಿಂದ ಅಚ್ಚಾಗುವ ಆ ನುಣುಪಾದ ಕಾಗದದಲ್ಲಿ ಅಂಗಡಿಯ ಹೆಸರಾಗಲಿ, ತಾರೀಖಾಗಲಿ, ಮೊತ್ತವಾಗಲಿ ಉಳಿದಿರಲಿಲ್ಲ; ಮೂಲೆಯಲ್ಲಿ ‘ಧನ್ಯವಾದಗಳು, ಮತ್ತೆ ಬನ್ನಿ’ ಎಂಬುದಷ್ಟೇ ನಸುವಾಗಿ ಕಾಣುತ್ತಿತ್ತು.

“ಅಂಗಡಿಗೆ ಹೋಗಿ ಜಿಎಸ್‌ಟಿ ಬಿಲ್ಲಿನ ಇನ್ನೊಂದು ಪ್ರತಿ ತನ್ನಿ” ಎಂದರು ವಕೀಲರು. “ಮಾಲೀಕರನ್ನೇ ಕೇಳಿ. ಕೌಂಟರಿನ ಹುಡುಗ ಧಣಿ ಊರಲ್ಲಿಲ್ಲ ಎಂದರೆ, ಒಳಗೆ ಯಾರಾದರೂ ಕೆಮ್ಮುತ್ತಾರೋ ಎಂದು ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಳ್ಳಿ.”