ತಮ್ಮನ ಅಗ್ನಿವೀರ್ ಅರ್ಜಿ: ಹಾಸನವೋ, ಚಿಕ್ಕಮಗಳೂರೋ, ಯಾವ ಜಿಲ್ಲೆ ಬರೆಯಬೇಕು?

ಬೇಲೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಭೂಸೇನೆಯ ಅಗ್ನಿವೀರ್ ಜನರಲ್ ಡ್ಯೂಟಿ ಹುದ್ದೆಗೆ ಅರ್ಜಿ ಹಾಕಬೇಕೆಂದು ಒಂದು ವರ್ಷದಿಂದ ತಯಾರಿ ನಡೆಸಿದ್ದಾನೆ. ಅವನಿಗೆ 18 ವರ್ಷ ತುಂಬಿದೆ. ಎತ್ತರ 168 ಸೆಂಟಿಮೀಟರ್. ಎಸ್ಸೆಸ್ಸೆಲ್ಸಿಯಲ್ಲಿ ಶೇ 61 ಅಂಕ ಬಂದಿದೆ. ಹಾಸನದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದು, ಬೆಳಿಗ್ಗೆ ಐದಕ್ಕೆಲ್ಲ ಎದ್ದು ಕ್ರೀಡಾಂಗಣಕ್ಕೆ ಹೋಗುತ್ತಾನೆ. 1.6 ಕಿಲೋಮೀಟರ್ ಓಟವನ್ನು 5 ನಿಮಿಷ 50 ಸೆಕೆಂಡಿನಲ್ಲಿ ಮುಗಿಸುತ್ತಾನೆ, ಬೀಮ್ (ಕಂಬಿ ಹಿಡಿದು ಮೈಯನ್ನು ಮೇಲೆತ್ತುವುದು) ಎಂಟು ಹೊಡೆಯುತ್ತಾನೆ. ದೇಹದ ತಯಾರಿಯ ಬಗ್ಗೆ ನನಗೆ ಅಷ್ಟಾಗಿ ಚಿಂತೆಯಿಲ್ಲ. ನಾವು ಸಿಕ್ಕಿಹಾಕಿಕೊಂಡಿರುವುದು ಕಾಗದಪತ್ರಗಳಲ್ಲಿ.

ನಮ್ಮ ತಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ನಾವು ಅಲ್ಲಿಯ ಲೈನ್ ಮನೆಯಲ್ಲಿಯೇ ಬೆಳೆದೆವು. ತಮ್ಮ ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದೂ ಅಲ್ಲಿಯೇ. ಮೂರು ವರ್ಷದ ಹಿಂದೆ ತಾತನವರು ತೀರಿಕೊಂಡ ಮೇಲೆ ಬೇಲೂರು ತಾಲ್ಲೂಕಿನ ಹಳ್ಳಿಮನೆ ಮತ್ತು ಒಂದಿಷ್ಟು ಜಮೀನು ತಂದೆಯ ಪಾಲಿಗೆ ಬಂದಿದ್ದರಿಂದ ಎಲ್ಲರೂ ಇಲ್ಲಿಗೆ ಬಂದು ನೆಲೆಸಿದೆವು. ರೇಷನ್ ಕಾರ್ಡ್, ಮತದಾರರ ಪಟ್ಟಿ ಎಲ್ಲವೂ ಇಲ್ಲಿಗೆ ವರ್ಗವಾಗಿವೆ. ತಮ್ಮನ ಆಧಾರ್‌ನಲ್ಲಿ ಮಾತ್ರ ಇನ್ನೂ ತೋಟದ ವಿಳಾಸವೇ ಇದೆ. ಹೀಗಿರುವಾಗ ಅರ್ಜಿಯಲ್ಲಿ ಹಾಸನ ಎಂದು ಬರೆಯಬೇಕೇ, ಚಿಕ್ಕಮಗಳೂರು ಎಂದು ಬರೆಯಬೇಕೇ?

ಎರಡನೆಯದಾಗಿ, ಅಂಕಪಟ್ಟಿಯಲ್ಲಿ ಅವನ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ; ಆಧಾರ್‌ನಲ್ಲಿ ಇನಿಷಿಯಲ್ ಬದಲು ತಂದೆಯ ಪೂರ್ಣ ಹೆಸರಿದೆ. ಜನ್ಮ ದಿನಾಂಕ ಅಂಕಪಟ್ಟಿಯಲ್ಲಿ ಸರಿಯಾಗಿದೆ. ಆಧಾರ್‌ನಲ್ಲಿ ಅದೇ ವರ್ಷದ ಜನವರಿ 1 ಎಂದಿದೆ. ಅಮ್ಮನ ಹೆಸರು ಅಂಕಪಟ್ಟಿಯಲ್ಲಿ ಲಕ್ಷ್ಮಮ್ಮ, ಅವರ ಆಧಾರ್‌ನಲ್ಲಿ ಲಕ್ಷ್ಮಿ.

ಮೂರನೆಯ ಮಾತನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಪರಿಚಯದವರೊಬ್ಬರು ಮನೆಗೆ ಬಂದು, ಎರಡು ಲಕ್ಷ ಹೊಂದಿಸಿದರೆ ರ್ಯಾಲಿಯಲ್ಲಿ (ಓಟ, ದಾಖಲೆ, ವೈದ್ಯಕೀಯ ಪರೀಕ್ಷೆ ನಡೆಯುವ ನೇಮಕಾತಿ ಶಿಬಿರದಲ್ಲಿ) ನೋಡಿಕೊಳ್ಳುವವರು ಇದ್ದಾರೆ ಎಂದು ತಂದೆಗೆ ಹೇಳಿ ಹೋಗಿದ್ದಾರೆ. ಈ ವರ್ಷದ ಶುಂಠಿಯ ಹಣ ಕೈಯಲ್ಲಿರುವುದರಿಂದ ತಂದೆಯ ಮನಸ್ಸು ಅತ್ತ ವಾಲಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ.

ಮೂಡಿಗೆರೆ ಗ್ರಾಮ ಒನ್

ನಮಸ್ಕಾರ ಮೇಡಂ. ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ತೋಟದ ಲೈನ್‌ಗಳಿಂದ ಬರುವ ಹುಡುಗರ ಅರ್ಜಿಗಳಲ್ಲಿ ನೀವು ಹೇಳಿದ ತೊಡಕುಗಳನ್ನು ಪ್ರತಿ ವರ್ಷವೂ ನೋಡುತ್ತಿದ್ದೇನೆ.

ಜಿಲ್ಲೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಲೂರಿಗೂ ಮೂಡಿಗೆರೆಗೂ ಬಸ್ಸಿನಲ್ಲಿ ಹೆಚ್ಚು ದೂರವಿಲ್ಲ, ಆದರೆ ಸೇನೆಯ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಕಚೇರಿಗಳಿಗೆ ಸೇರಿವೆ. ಹಾಸನ ಜಿಲ್ಲೆಯ ಅಭ್ಯರ್ಥಿಗಳು ಬೆಂಗಳೂರಿನ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಚಿಕ್ಕಮಗಳೂರು ಜಿಲ್ಲೆಯವರು ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಎರಡು ಕಚೇರಿಗಳ ಅಧಿಸೂಚನೆ ಬೇರೆ, ರ್ಯಾಲಿ ನಡೆಯುವ ಸ್ಥಳ ಬೇರೆ, ಆಯ್ಕೆಪಟ್ಟಿಯೂ ಬೇರೆ. ಓದಿದ್ದು ಎಲ್ಲಿ ಎಂಬುದನ್ನು ನೋಡುವುದಿಲ್ಲ. ಖಾಯಂ ವಾಸ ಎಲ್ಲಿ, ಅದಕ್ಕೆ ತಹಶೀಲ್ದಾರರು ಕೊಟ್ಟ ವಾಸಸ್ಥಳ ದೃಢೀಕರಣ ಪತ್ರ ಯಾವ ತಾಲ್ಲೂಕಿನದು ಎಂಬುದನ್ನು ನೋಡುತ್ತಾರೆ. ನಿಮ್ಮ ಮನೆ, ಜಮೀನು, ರೇಷನ್ ಕಾರ್ಡ್ ಎಲ್ಲವೂ ಬೇಲೂರಿನಲ್ಲಿ ಇರುವುದರಿಂದ ಹಾಸನ ಎಂದೇ ಬರೆಯಿರಿ. ತೋಟದ ವಿಳಾಸವನ್ನು ನಂಬಿ ಚಿಕ್ಕಮಗಳೂರು ಎಂದು ಬರೆದು, ರ್ಯಾಲಿಯಲ್ಲಿ ಬೇಲೂರಿನ ಪತ್ರ ತೋರಿಸಿದರೆ ಓಟದಲ್ಲಿ ಮೊದಲಿಗನಾಗಿ ಬಂದರೂ ದಾಖಲೆ ಪರಿಶೀಲನೆಯಲ್ಲಿ ಹೊರಗೆ ಕಳುಹಿಸುತ್ತಾರೆ.

ಹೆಸರು ಮತ್ತು ದಿನಾಂಕದ ವಿಷಯದಲ್ಲಿ ಸೇನೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಆದ್ದರಿಂದ ಅಂಕಪಟ್ಟಿಯನ್ನು ತಿದ್ದಿಸುವ ಗೋಜಿಗೆ ಹೋಗಬೇಡಿ, ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಬದಲಿಸಲು ಜೀವಮಾನದಲ್ಲಿ 2 ಬಾರಿ, ಜನ್ಮ ದಿನಾಂಕವನ್ನು ಬದಲಿಸಲು 1 ಬಾರಿ ಮಾತ್ರ ಅವಕಾಶವಿದೆ. ಹಾಗಾಗಿ ಕೇಂದ್ರದಲ್ಲಿ ಸಿಬ್ಬಂದಿ ಟೈಪ್ ಮಾಡಿದ್ದನ್ನು ಒಪ್ಪಿ ಸಹಿ ಹಾಕುವ ಮುನ್ನ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ. ಇನಿಷಿಯಲ್ ಹೆಸರಿನ ಮುಂದಿದೆಯೋ ಹಿಂದಿದೆಯೋ, ನಡುವೆ ಚುಕ್ಕಿ ಇದೆಯೋ ಜಾಗ ಬಿಟ್ಟಿದೆಯೋ ಎಂಬುದೂ ಮುಖ್ಯ. ಜನವರಿ 1ರ ಸಮಸ್ಯೆ ನಿಮ್ಮೊಬ್ಬರದಲ್ಲ; ಆಧಾರ್ ನೋಂದಣಿಯ ಸಮಯದಲ್ಲಿ ದಾಖಲೆ ತರದೆ ಬರೀ ವಯಸ್ಸು ಹೇಳಿದವರಿಗೆ ಆ ದಿನಾಂಕವೇ ಬಿದ್ದಿರುತ್ತದೆ. ಹೆಸರು, ದಿನಾಂಕ, ವಿಳಾಸ ಮೂರನ್ನೂ ಒಂದೇ ಭೇಟಿಯಲ್ಲಿ ಮಾಡಿಸಿ, ಮೊಬೈಲ್ ಸಂಖ್ಯೆ ಜೋಡಣೆಯಾಗಿದೆಯೇ ಎಂದೂ ನೋಡಿಕೊಳ್ಳಿ. ತಾಯಿಯವರ ಆಧಾರ್‌ನಲ್ಲಿಯೂ ಹೆಸರನ್ನು ಲಕ್ಷ್ಮಮ್ಮ ಎಂದು ತಿದ್ದಿಸುವುದು ಒಳ್ಳೆಯದು. ಅದು ಬರುವುದು ತಡವಾಗುವಂತಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಅರ್ಜಿಯನ್ನು ಜಾಯಿನ್ ಇಂಡಿಯನ್ ಆರ್ಮಿ ಜಾಲತಾಣದಲ್ಲಿಯೇ ಹಾಕಬೇಕು. ಪರೀಕ್ಷಾ ಶುಲ್ಕ 250 ರೂಪಾಯಿ. ಇಲ್ಲಿ ಒಂದು ವಿನಂತಿ. ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮ ತಮ್ಮನದೇ ಇರಲಿ. ನಮ್ಮ ಊರಿನ ಹುಡುಗನೊಬ್ಬ ಪೇಟೆಯ ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ್ದ. ಅಂಗಡಿಯವರು ಅವಸರದಲ್ಲಿ ತಮ್ಮ ಇಮೇಲ್ ಹಾಕಿ, ಪಾಸ್‌ವರ್ಡನ್ನು ರಸೀದಿಯ ಹಿಂದೆ ಬರೆದುಕೊಟ್ಟಿದ್ದರು. ರಸೀದಿ ಮಳೆಯಲ್ಲಿ ನೆನೆದು ಹೋಯಿತು. ಪ್ರವೇಶಪತ್ರ ಬಂದ ಸುದ್ದಿ ಅವನಿಗೆ ತಿಳಿದದ್ದು ಪರೀಕ್ಷೆ ಮುಗಿದ ನಾಲ್ಕನೇ ದಿನ. ಆ ಹುಡುಗ ಅಂದು ನನ್ನ ಕೇಂದ್ರದ ಬೆಂಚಿನ ಮೇಲೆ ಮಾತಿಲ್ಲದೆ ಕುಳಿತಿದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ನಿವೃತ್ತ ಹವಾಲ್ದಾರ್, ಅರಕಲಗೂಡು

ತಂಗಿ, ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ವ್ಯಕ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲ ಹಂತದ ಲಿಖಿತ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅದರಲ್ಲಿ ತೇರ್ಗಡೆಯಾದವರನ್ನು ಮಾತ್ರ ರ್ಯಾಲಿಗೆ ಕರೆಯುತ್ತಾರೆ. ರ್ಯಾಲಿಯಲ್ಲಿ ಓಟದ ಸಮಯವನ್ನು ಎಲ್ಲರ ಕಣ್ಣೆದುರೇ ಅಳೆಯುತ್ತಾರೆ, ವೈದ್ಯಕೀಯ ಪರೀಕ್ಷೆಯನ್ನು ಸೇನೆಯ ವೈದ್ಯರೇ ಮಾಡುತ್ತಾರೆ. ಇದರಲ್ಲಿ ಹೊರಗಿನವನು ಮಾಡಬಹುದಾದದ್ದು ಒಂದೇ: ಹತ್ತು ಜನರಿಂದ ಹಣ ಪಡೆದು, ಸ್ವಂತ ಶ್ರಮದಿಂದ ಆಯ್ಕೆಯಾದ ಇಬ್ಬರ ಹಣವನ್ನು ತಾನಿಟ್ಟುಕೊಂಡು, ಉಳಿದವರಿಗೆ ಮುಂದಿನ ವರ್ಷ ನೋಡೋಣ ಎನ್ನುವುದು. ನಾನು 24 ವರ್ಷ ಸೇವೆ ಮಾಡಿದವನು; ನನ್ನ ಸ್ವಂತ ಅಣ್ಣನ ಮಗನಿಗೂ ನಾನು ಮಾಡಿಕೊಡಲು ಸಾಧ್ಯವಾದದ್ದು ಬೆಳಿಗ್ಗೆ ಎಬ್ಬಿಸಿ ಓಡಿಸುವುದು ಮಾತ್ರ. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ.

ದೇಹದ ತಯಾರಿಯ ಬಗ್ಗೆ ಚಿಂತೆಯಿಲ್ಲ ಎಂದಿರಿ. ಅದನ್ನು ನಾನು ಒಪ್ಪುವುದಿಲ್ಲ. 2025ರ ನೇಮಕಾತಿಯ ಅಳತೆಯಂತೆ 5 ನಿಮಿಷ 30 ಸೆಕೆಂಡಿನೊಳಗೆ ಬಂದವರಿಗೆ 60 ಅಂಕ, 5:45ರೊಳಗೆ ಬಂದವರಿಗೆ 48, 6 ನಿಮಿಷದೊಳಗೆ ಬಂದವರಿಗೆ 36. ಬೀಮ್ ಹತ್ತಕ್ಕೆ 40 ಅಂಕ, ಎಂಟಕ್ಕೆ 27. ಅಂದರೆ ನಿಮ್ಮ ತಮ್ಮ ಇಂದು ನಿಂತಿರುವುದು 100ಕ್ಕೆ 63ರಲ್ಲಿ. ಇಪ್ಪತ್ತು ಸೆಕೆಂಡು ಮತ್ತು ಎರಡು ಬೀಮ್ ಹೆಚ್ಚಿಸಿಕೊಂಡರೆ ಪೂರ್ತಿ 100. ಒಂಬತ್ತು ಅಡಿ ಹಳ್ಳದ ಜಿಗಿತ ಮತ್ತು ಅಂಕುಡೊಂಕು ಮರದ ಮೇಲಿನ ನಡಿಗೆಗೆ ಅಂಕವಿಲ್ಲ, ಆದರೆ ಅವೆರಡರಲ್ಲಿಯೂ ಪಾಸಾಗಲೇಬೇಕು. ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಎಂದರೆ 1.6 ಕಿಲೋಮೀಟರ್, ಸುತ್ತಿಗೆ 82 ಸೆಕೆಂಡಿನಂತೆ ಓಡಿದರೆ ಗುರಿ ಮುಟ್ಟುತ್ತದೆ. ಬಹಳ ಹುಡುಗರು ಮೊದಲ ಸುತ್ತನ್ನು 70ಕ್ಕೆ ಓಡಿ ಮೂರನೆಯದರಲ್ಲಿ ಕುಸಿಯುತ್ತಾರೆ. ವಾರಕ್ಕೆರಡು ದಿನ ಊರಿನ ಏರು ದಾರಿಯಲ್ಲಿ ಓಡಲಿ, ಉಸಿರು ಗಟ್ಟಿಯಾಗುತ್ತದೆ. ಗುಂಪಿನ ನಡುವೆ ಓಡುವ ಅಭ್ಯಾಸವೂ ಇರಬೇಕು. ರ್ಯಾಲಿಯಲ್ಲಿ ಮೊದಲ ತಿರುವಿನಲ್ಲಿ ಮೊಣಕೈ ತಾಗಿ ಬೀಳುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲಿಖಿತ ಪರೀಕ್ಷೆಯಲ್ಲಿ ಜನರಲ್ ಡ್ಯೂಟಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ, 100 ಅಂಕ; ತಪ್ಪು ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಾರೆ. 2025ರಲ್ಲಿ ಈ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸಿದರು. ನಮ್ಮ ಕಾಲದಲ್ಲಿ ಈ ಅನುಕೂಲ ಇರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಹುಡುಗರು ಲೆಕ್ಕ ಬಂದರೂ ಪ್ರಶ್ನೆ ಅರ್ಥವಾಗದೆ ಹಿಂದೆ ಉಳಿದರು. ಅರ್ಜಿ ತುಂಬುವಾಗ ಭಾಷೆಯ ಆಯ್ಕೆಯನ್ನು ಎಚ್ಚರಿಕೆಯಿಂದ ಮಾಡಿ.

ಇನ್ನೊಂದು ಮಾತನ್ನು ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಮಾತಾಡಿಕೊಳ್ಳಬೇಕು. ಅಗ್ನಿವೀರರನ್ನು ತೆಗೆದುಕೊಳ್ಳುವುದು 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ; ಅದರಲ್ಲಿ ಸೇವೆ ನಾಲ್ಕು ವರ್ಷ. ಆ ನಂತರ ಒಂದು ತಂಡದಲ್ಲಿ ಶೇ 25ರವರೆಗೆ ಮಾತ್ರ ಖಾಯಂ ಮಾಡಿಕೊಳ್ಳುತ್ತಾರೆ. ಮೊದಲ ವರ್ಷದ ತಿಂಗಳ ವೇತನ 30,000 ರೂಪಾಯಿಯಲ್ಲಿ 21,000 ಕೈಗೆ ಬರುತ್ತದೆ, 9,000 ಸೇವಾನಿಧಿಗೆ ಹೋಗುತ್ತದೆ. ಸರ್ಕಾರವೂ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಬರುತ್ತದೆ, ಪಿಂಚಣಿ ಇಲ್ಲ. ನನಗೆ ಬರುವ ಪಿಂಚಣಿಯನ್ನು ನೋಡಿ ಮಗನಿಗೂ ಹಾಗೆಯೇ ಎಂದು ಎಣಿಸಿದ ತಂದೆಯರನ್ನು ನಮ್ಮೂರಲ್ಲಿಯೇ ಬಲ್ಲೆ. ಹುಡುಗ ಹೋಗಬೇಕು ಎಂದೇ ನನ್ನ ಆಸೆ. ಆದರೆ ತಿಳಿದು ಹೋಗಬೇಕು. 22ರ ವಯಸ್ಸಿನಲ್ಲಿ ಮನೆಗೆ ಮರಳಬೇಕಾಗಿ ಬಂದರೆ ಮುಂದೆ ಏನು ಎಂಬುದಕ್ಕೂ ಪಿಯುಸಿಯನ್ನು ಚೆನ್ನಾಗಿ ಮುಗಿಸಿಕೊಂಡೇ ಹೋಗಬೇಕು.

ಕಡೂರಿನ ಓಟಗಾರ

ಅಕ್ಕಾ, ನಾನು ಮಂಗಳೂರು ಕಚೇರಿಯ ವ್ಯಾಪ್ತಿಯಿಂದ ರ್ಯಾಲಿಗೆ ಹೋಗಿ ಬಂದವನು. ಹವಾಲ್ದಾರ್ ಸಾರ್ ಹೇಳಿದ್ದಕ್ಕೆ ವೈದ್ಯಕೀಯ ಪರೀಕ್ಷೆಯ ವಿಷಯವನ್ನು ಸೇರಿಸುತ್ತೇನೆ. ಓಟ, ಬೀಮ್, ದಾಖಲೆ ಎಲ್ಲವನ್ನೂ ದಾಟಿದ ನನ್ನನ್ನು ಕಿವಿಯಲ್ಲಿ ಗುಗ್ಗೆ ಇದೆ ಎಂಬ ಕಾರಣಕ್ಕೆ ತಾತ್ಕಾಲಿಕವಾಗಿ ಅನರ್ಹ ಎಂದು ಬರೆದರು. ಆ ಮಾತು ಕಿವಿಗೆ ಬಿದ್ದಾಗ ಎಲ್ಲವೂ ಮುಗಿಯಿತು ಎಂದೇ ತಿಳಿದೆ. ಆದರೆ ತಾತ್ಕಾಲಿಕ ಅನರ್ಹತೆ ಎಂದರೆ ತಿರಸ್ಕಾರವಲ್ಲ. ಅವರು ಸೂಚಿಸಿದ ಸೇನಾ ಆಸ್ಪತ್ರೆಗೆ, ಹೇಳಿದ ಅವಧಿಯೊಳಗೆ ಮರುಪರೀಕ್ಷೆಗೆ ಹೋಗಬಹುದು. ನಾನು ಊರಿಗೆ ಬಂದು ಕಿವಿಯ ವೈದ್ಯರಲ್ಲಿ ಸ್ವಚ್ಛ ಮಾಡಿಸಿಕೊಂಡು ಹೋದೆ, ಪಾಸಾಯಿತು. ನಿಮ್ಮ ತಮ್ಮನಿಗೆ ಈಗಲೇ ಕಿವಿ, ಹಲ್ಲು, ಕಣ್ಣು, ಮೂಲವ್ಯಾಧಿ ಇವುಗಳ ಪರೀಕ್ಷೆ ಮಾಡಿಸಿಬಿಡಿ. ಹಚ್ಚೆಯನ್ನು ಯಾವ ಕಾರಣಕ್ಕೂ ಹಾಕಿಸಿಕೊಳ್ಳಬಾರದು.

ರ್ಯಾಲಿಗೆ ಹೋಗುವಾಗ ಗ್ರಾಮ ಪಂಚಾಯಿತಿಯಿಂದ ಭಾವಚಿತ್ರ ಸಹಿತ ನಡತೆ ಪತ್ರ ಮತ್ತು ಅವಿವಾಹಿತ ಪತ್ರ ಬೇಕು. ಎರಡೂ ಆರು ತಿಂಗಳೊಳಗಿನವಾಗಿರಬೇಕು. ಶಾಲೆಯ ನಡತೆ ಪತ್ರ, ಜಾತಿ ಪತ್ರ, ಅಧಿಸೂಚನೆಯಲ್ಲಿರುವ ನಮೂನೆಯಂತೆಯೇ 10 ರೂಪಾಯಿ ಛಾಪಾ ಕಾಗದದ ಅಫಿಡವಿಟ್, ಇಪ್ಪತ್ತು ಪಾಸ್‌ಪೋರ್ಟ್ ಅಳತೆಯ ಫೋಟೋ ಇರಲಿ. ಫೋಟೋವನ್ನು ಸ್ಟುಡಿಯೋದವರು ಬೆಳ್ಳಗೆ ಮಾಡಿ ಕೊಟ್ಟರೆ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಹೊಂದಾಣಿಕೆ ಪರೀಕ್ಷೆ (ಸೇನೆಯ ಬದುಕಿಗೆ ಹೊಂದಿಕೊಳ್ಳುತ್ತಾರೆಯೇ ಎಂದು ನೋಡುವುದು) ಇರುವುದರಿಂದ ಪೂರ್ತಿ ಚಾರ್ಜ್ ಮಾಡಿದ ಸ್ಮಾರ್ಟ್‌ಫೋನ್ ಮತ್ತು ಡೇಟಾ ಇರಬೇಕು. ಎನ್‌ಸಿಸಿ ಪ್ರಮಾಣಪತ್ರವಿದ್ದರೆ ಹೆಚ್ಚುವರಿ ಅಂಕ ಸಿಗುತ್ತದೆ, ಮರೆಯದೆ ಅರ್ಜಿಯಲ್ಲಿಯೇ ನಮೂದಿಸಿ.

ಬೇಲೂರಿನ ಅಕ್ಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹವಾಲ್ದಾರ್ ಸಾರ್ ಬರೆದದ್ದನ್ನು ನಿನ್ನೆ ರಾತ್ರಿ ಊಟವಾದ ಮೇಲೆ ತಂದೆಗೆ ಎರಡು ಸಲ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಬೆಳಿಗ್ಗೆ ತಾವೇ ಆ ಪರಿಚಯದವರಿಗೆ ಫೋನ್ ಮಾಡಿ ಬೇಡವೆಂದು ಹೇಳಿದರು. ತಮ್ಮನ ಆಧಾರ್ ತಿದ್ದುಪಡಿಗೆ ಇಂದು ಕೊಟ್ಟು ಬಂದೆವು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದನ್ನು ಅಲ್ಲಿಯೇ ಗುರುತಿಸಿ ಸರಿಪಡಿಸಿದೆವು. ಒಂದು ಸಂದೇಹ ಉಳಿದಿದೆ: ನಾಡಕಚೇರಿಯಿಂದ ಬಂದ ವಾಸಸ್ಥಳ ಪತ್ರದಲ್ಲಿ ತಮ್ಮನ ಫೋಟೋ ಇಲ್ಲ. ಇದು ನಡೆಯುತ್ತದೆಯೇ?

ಮೂಡಿಗೆರೆ ಗ್ರಾಮ ಒನ್

ಸೇನೆಯವರು ಫೋಟೋ ಸಹಿತ ಪತ್ರವನ್ನೇ ಕೇಳುತ್ತಾರೆ ಮೇಡಂ. ಮುದ್ರಿತ ಪ್ರತಿಯನ್ನೂ ಎರಡು ಫೋಟೋಗಳನ್ನೂ ತೆಗೆದುಕೊಂಡು ಬೇಲೂರಿನ ತಾಲ್ಲೂಕು ಕಚೇರಿಗೆ ತಮ್ಮನನ್ನೇ ಕರೆದುಕೊಂಡು ಹೋಗಿ, ಸೇನಾ ನೇಮಕಾತಿಗೆ ಎಂದು ತಿಳಿಸಿ, ಫೋಟೋ ಅಂಟಿಸಿ ಅದರ ಮೇಲೆ ತಹಶೀಲ್ದಾರರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಮೊಹರಿನ ಅರ್ಧ ಭಾಗ ಫೋಟೋದ ಮೇಲೆ, ಅರ್ಧ ಭಾಗ ಕಾಗದದ ಮೇಲೆ ಬಿದ್ದಿರಬೇಕು. ಅರ್ಜಿ ಶುರುವಾದ ಮೇಲೆ ಅಲ್ಲಿ ಹುಡುಗರ ಸಾಲು ದೊಡ್ಡದಾಗುತ್ತದೆ, ಈ ವಾರದಲ್ಲಿಯೇ ಹೋಗಿಬನ್ನಿ.