ಪೊಲೀಸ್ ಇಲಾಖೆಯ ಆಂತರಿಕ ಸಮಿತಿಗೆ ಹೊರಗಿನ ಸದಸ್ಯೆ: ಒಪ್ಪೋ ಮೊದಲು ಏನು ನೋಡಬೇಕು?

ಏಲಕ್ಕಿ_ಊರು (ಹಾವೇರಿ):
ಜಿಲ್ಲಾ ಪೊಲೀಸ್‌ನ ಲೈಂಗಿಕ ಕಿರುಕುಳ ತಡೆ ಸಮಿತಿಗೆ ಹೊರಗಿನ ಸದಸ್ಯೆ ಬೇಕು ಅಂತ ನಮ್ಮ ಮಹಿಳಾ ಸಂಘಟನೆಗೆ ಪತ್ರ ಬಂದಿದೆ. ಕಾಲೇಜು, ಫ್ಯಾಕ್ಟರಿ ಸಮಿತಿಗಳ ಕೆಲಸ ಗೊತ್ತು. ಖಾಕಿ ಒಳಗಿನದು ಬೇರೆ, ಅಲ್ಲಿ ಸಾಕ್ಷಿದಾರರಿಗೆ ಡ್ಯೂಟಿ ಹಾಕೋನೇ ಎದುರುದಾರ (ದೂರು ಯಾರ ಮೇಲೋ ಅವನು) ಆಗಿರ್ತಾನೆ. ಹೆಣ್ಣುಮಕ್ಕಳ ಬಗ್ಗೆ ಆಡೋ ಮಾತಿನ ಜೊತೆಗೇ ಜಾತಿ, ಮೈಬಣ್ಣದ ಮಾತೂ ಇರುತ್ತೆ. ಎರಡನ್ನೂ ಸಮಿತಿಯೇ ನೋಡಬಹುದಾ?

ತೋಳನಕೆರೆ_ವಕೀಲ:
ಮೇಡಂ, ಮೊದಲು ಸಮಿತಿ ರಚನೆಯ ಆದೇಶದ ಪ್ರತಿ ತರಿಸಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಅಧ್ಯಕ್ಷೆ ಪಿಎಸ್‌ಐ, ದೂರು ಡಿವೈಎಸ್‌ಪಿ ಮೇಲೆ ಅಂದ್ರೆ ವಿಚಾರಣೆ ಅಲ್ಲಿಗೇ ಮುಗೀತು. ಸೆಲ್ಯೂಟ್ ಹೊಡೆದು ಪಾಟೀಸವಾಲು ಕೇಳಕ್ಕಾಗಲ್ಲ. ತಕ್ಕ ಹಿರಿಯರು ಇಲ್ಲದಿದ್ದರೆ ಬೇರೆ ಘಟಕದಿಂದ, ಬೇರೆ ಇಲಾಖೆಯಿಂದಲೂ ಕರೆಸಬಹುದು, 4ನೇ ಕಲಂನಲ್ಲೇ ಇದೆ. ದೂರು ಕಚೇರಿಯ ಮುಖ್ಯಸ್ಥರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕಳಿಸಿ.

ಗಡುವುಗಳು: ಘಟನೆಯಾದ 3 ತಿಂಗಳೊಳಗೆ ದೂರು, ಸಾಕ್ಷಿಗಳ ಹೆಸರು ಮತ್ತು ದಾಖಲೆ ಸಮೇತ 6 ಪ್ರತಿ. ತಡವಾಗಿದ್ದರೆ ಕಾರಣ ಬರೆದಿಟ್ಟು ಸಮಿತಿ ಇನ್ನೂ 3 ತಿಂಗಳು ಕೊಡಬಹುದು. 7 ಕೆಲಸದ ದಿನದೊಳಗೆ ಎದುರುದಾರನಿಗೆ ಪ್ರತಿ, ಅವನ ಉತ್ತರಕ್ಕೆ 10. ವಿಚಾರಣೆ 90 ದಿನದೊಳಗೆ, ಅದು ಮುಗಿದ 10 ದಿನದೊಳಗೆ ವರದಿ, ವರದಿ ಬಂದ 60 ದಿನದೊಳಗೆ ಕ್ರಮ. ನಿಮ್ಮ ಭತ್ಯೆ ದಿನಕ್ಕೆ 200 ರೂಪಾಯಿ, ಪ್ರಯಾಣ ವೆಚ್ಚ ಬೇರೆ. ಅದನ್ನ ನಂಬಿ ಹೋಗಬೇಡಿ!

ಎಡವಟ್ಟಾಗೋದು 12ನೇ ಕಲಂನಲ್ಲಿ. ವಿಚಾರಣೆ ನಡೆವಾಗ ಇಬ್ಬರಲ್ಲಿ ಯಾರನ್ನಾದರೂ ವರ್ಗ ಮಾಡಬಹುದು. ಇಲಾಖೆ ಬಹಳ ಸಲ ದೂರು ಕೊಟ್ಟವಳನ್ನೇ ‘ರಕ್ಷಣೆಗೆ’ ಅಂತ ದೂರದ ಠಾಣೆಗೆ ಕಳಿಸುತ್ತೆ. ಅವಳ ಕೋರಿಕೆಯಲ್ಲೇ ಬಿಡಿಸಿ ಬರೆಸಿ: ‘ಎದುರುದಾರನನ್ನು ವರ್ಗಾಯಿಸಿ, ನನ್ನ ವಾರ್ಷಿಕ ಗೋಪ್ಯ ವರದಿ ಬರೆಯುವುದನ್ನು ಬೇರೆ ಅಧಿಕಾರಿಗೆ ವಹಿಸಿ.’ ಸುಮ್ಮನೆ ‘ಸೂಕ್ತ ಕ್ರಮ’ ಅಂತ ಬರೆದರೆ ಸೂಕ್ತ ಯಾವುದು ಅಂತ ಅವರೇ ತೀರ್ಮಾನಿಸ್ತಾರೆ.

ಕಲಘಟಗಿ_ಮಳೆ:
ಜಾತಿನಿಂದನೆ ಈ ಸಮಿತಿಯ ವ್ಯಾಪ್ತಿಗೆ ಬರಲ್ಲ. ಒಂದೇ ಅರ್ಜಿಯಲ್ಲಿ ಎರಡನ್ನೂ ಸೇರಿಸಿದರೆ ಸಮಿತಿ ಅರ್ಧ ಕೈಬಿಡುತ್ತೆ, ಠಾಣೆಯವರು ‘ಸಮಿತಿ ನೋಡ್ತಿದೆಯಲ್ಲ’ ಅಂತಾರೆ. ಎರಡು ಅರ್ಜಿ, ಎರಡು ಸ್ವೀಕೃತಿ ಇರಲಿ.

ದೂರು ಕೊಟ್ಟವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ, ತನಿಖೆ ಡಿವೈಎಸ್‌ಪಿಗಿಂತ ಕೆಳಗಿನವರದ್ದಲ್ಲ. ಆದರೆ ನಿಂದನೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಇನ್‌ಸ್ಪೆಕ್ಟರ್ ಕೊಠಡಿಯ ಬಾಗಿಲು ಹಾಕಿ ಬೈದಿದ್ದು 2020ರ ಸುಪ್ರೀಂ ಕೋರ್ಟಿನ ಹಿತೇಶ್ ವರ್ಮಾ ತೀರ್ಪಿನ ಮುಂದೆ ನಿಲ್ಲೋದು ಕಷ್ಟ. ಕೌಂಟರ್‌ನಲ್ಲಿ ಅರ್ಜಿದಾರರ ಎದುರಿಗೆ ಬೈದಿದ್ದರೆ ಆ ಅರ್ಜಿದಾರರೇ ಸಾಕ್ಷಿ. ಇಲಾಖಾ ಶಿಸ್ತು ಕ್ರಮಕ್ಕೆ ಈ ಷರತ್ತಿಲ್ಲ, ಅದನ್ನೂ ಕೇಳಿ.

ಮೈಬಣ್ಣದ ವಿಷಯ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗರನ್ನ ‘ಆಫ್ರಿಕಾ’ ಅಂತ ಕರೆದು ‘ತಮಾಷೆ ರೀ’ ಅನ್ನೋದುಂಟು. ಉತ್ತರ ಕನ್ನಡದ ಸಿದ್ದಿಗಳು ಮೊದಲೇ ಪರಿಶಿಷ್ಟ ಪಂಗಡದಲ್ಲಿದ್ದರು, ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರ ತಿದ್ದುಪಡಿಯಲ್ಲಿ. ಪ್ರಮಾಣಪತ್ರ ಯಾವ ಜಿಲ್ಲೆಯದು ಅಂತ ಮೊದಲು ನೋಡಿ. ಪಟ್ಟಿಯಲ್ಲಿ ಇಲ್ಲದವರಿಗೆ ಶಿಸ್ತು ಕ್ರಮದ ದಾರಿಯೇ ಮುಖ್ಯ.

ಗದಗ_ಮುದ್ರಣ:
ಅಕ್ಕಾರ, ವಾಟ್ಸಾಪ್ ಗ್ರೂಪ್ ಮರೀಬ್ಯಾಡ್ರಿ. ಲಂಡನ್ನಿನ ಚೇರಿಂಗ್ ಕ್ರಾಸ್ ಠಾಣೆ ಪೊಲೀಸರ ಮೆಸೇಜು 2022ರಾಗ ಹೊರಗ ಬಂದ ಮ್ಯಾಲೆನ ಅಲ್ಲೆ ಮಂದಿಗೆ ಹೊಲಸು ಎಷ್ಟೈತಿ ತಿಳೀತು. 2023ರ ಮಾರ್ಚ್‌ನ್ಯಾಗ ಲಂಡನ್ ಪೊಲೀಸರ ಮ್ಯಾಲಿನ ಲೂಯಿಸ್ ಕೇಸಿ ವರದಿ, ಜನಾಂಗ ದ್ವೇಷ, ಸ್ತ್ರೀ ದ್ವೇಷ ಒಬ್ಬಿಬ್ಬರದಲ್ಲ, ಸಂಸ್ಥೆಯದ ಅಂತ ಬರೀತು. ಇಲ್ಲೆ ಬರೇ ಸ್ಕ್ರೀನ್‌ಶಾಟ್ ತಂದ್ರ ‘ಎಡಿಟ್ ಮಾಡ್ಯಾರ’ ಅಂತಾರ. ದೂರು ಕೊಡಾಕಿ ಗ್ರೂಪ್ ಬಿಡಬಾರದು, ಫೋನ್ ಬದಲಿಸಬಾರದು. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಕಳಿಸಿದವನ ನಂಬರ್, ತಾರೀಖು ಕಾಣುವಂಗ ಇಡಬೇಕು. ಕೋರ್ಟಿಗೆ ಹೋದ್ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡೋ ದೃಢೀಕರಣ) ಬೇಕು.

ಇನ್ನೊಂದು, ಡ್ಯೂಟಿ ಚಾರ್ಟ್ ತರಸ್ರಿ. ದಾಖಲೆ ತರಿಸಾಕ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರ ಐತಿ. ದೂರಿನ ಹಿಂದಿನ ಎರಡು ತಿಂಗಳು, ಮುಂದಿನ ಎರಡು ತಿಂಗಳು ಬಾಜೂಕ ಇಟ್ಟು ನೋಡ್ರಿ. ರಾತ್ರಿ ಪಾಳಿ, ಬಂದೋಬಸ್ತ್ ಎಲ್ಲಾ ಒಬ್ಬಾಕಿಗೇ ಬಿದ್ದಿದ್ರ ಸೇಡು ಕಾಗದದ ಮ್ಯಾಲೆ ಕಾಣತೈತಿ.

ಏಲಕ್ಕಿ_ಊರು:
ನಮ್ಮ ವರದಿ ಆದಮೇಲೆ ಇಲಾಖೆ ಮತ್ತೆ ಹೊಸದಾಗಿ ವಿಚಾರಣೆ ಶುರು ಮಾಡಿದರೆ?

ತೋಳನಕೆರೆ_ವಕೀಲ:
2012ರ ಸುಪ್ರೀಂ ಕೋರ್ಟಿನ ಮೇಧಾ ಕೋತ್ವಾಲ್ ಲೆಲೆ ತೀರ್ಪು ಮುಂದಿಡಿ: ಸಮಿತಿ ವರದಿಯೇ ಶಿಸ್ತು ವಿಚಾರಣೆಯ ವರದಿ. ಹಾಗಾಗಬೇಕಾದರೆ ಎದುರುದಾರನಿಗೂ ಸಾಕ್ಷಿಗಳನ್ನ ಪ್ರಶ್ನಿಸೋ ಅವಕಾಶ ಕೊಟ್ಟಿರಬೇಕು. ಅವನ ಪ್ರಶ್ನೆಗಳನ್ನ ಬರವಣಿಗೆಯಲ್ಲಿ ತಗೊಂಡು ಅಧ್ಯಕ್ಷೆಯಿಂದ ಕೇಳಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿಸಿ. ಇದನ್ನ ಬಿಟ್ಟರೆ ಬೆಳಗಾವಿಯ ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಪೀಠದಲ್ಲಿ ವರದಿ ಬಿದ್ದುಹೋಗುತ್ತೆ, ದೂರು ಕೊಟ್ಟವಳು ಮತ್ತೆ ಮೊದಲಿಂದ ಹೇಳಿಕೆ ಕೊಡಬೇಕಾಗುತ್ತೆ.