ಬಯಾಸ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಸತ್ತೇ ಹೋಯಿತು, ಯಾರಾದ್ರೂ ಹೇಳಿ!

ಸೆಕ್ಟರ್_ಹುಡುಗ, ಬಾಗಲಕೋಟೆ, ರಾತ್ರಿ 9:12
ನಿನ್ನೆಯಿಂದ ತಲೆ ಕೆಟ್ಟಿದೆ. ವಿಂಡೋಸ್ ಅಪ್‌ಡೇಟ್ ಜೊತೆ ಫರ್ಮ್‌ವೇರ್ (ಬಯಾಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಅಂತ ಒಂದು ಬಂತು. ಒತ್ತಿದೆ. ಫ್ಯಾನ್ ಜೋರಾಗಿ ತಿರುಗಿತು, ಎರಡು ಸಲ ರೀಸ್ಟಾರ್ಟ್ ಆಯಿತು, ಅಷ್ಟೇ. ಈಗ ಆನ್ ಆಗುತ್ತಿಲ್ಲ. ಸೋಮವಾರ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು, ಎಲ್ಲಾ ಅದರೊಳಗೇ ಇದೆ. ಅಂಗಡಿಯವರು ಮುಚ್ಚಳ ತೆಗೆಯುವ ಮೊದಲೇ ಮದರ್‌ಬೋರ್ಡ್ ಹೋಗಿದೆ ಅಂದರು.

ಕುಂದಾಪ್ರಿಯ, ಬೆಳಗಾವಿ, 9:20
ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿರಬೇಕು. ಬಯಾಸ್ ಇರುವ ಚಿಪ್ ಅರ್ಧ ಬರೆದು ನಿಂತಿದೆ. ಸಿಎಚ್341ಎ ಪ್ರೋಗ್ರಾಮರ್ (ಚಿಪ್‌ಗೆ ಫೈಲ್ ಬರೆಯುವ ಚಿಕ್ಕ ಬೋರ್ಡ್) ತರಿಸಿ, ಎಂಟು ಕಾಲಿನ ಚಿಪ್‌ಗೆ ಕ್ಲಿಪ್ ಹಚ್ಚಿ, ಹಳೆಯ ಫೈಲ್ ಮತ್ತೆ ಬರೆಯಿರಿ. ಹತ್ತು ನಿಮಿಷದ ಕೆಲಸ.

ಸೆಕ್ಟರ್_ಹುಡುಗ, 9:24
ಕರೆಂಟ್ ಹೋಗಿಲ್ಲ ರೀ. ಚಾರ್ಜರ್ ಹಚ್ಚಿದ್ದೆ, ಬ್ಯಾಟರಿಯೂ ಫುಲ್ ಇತ್ತು.

ಕುಂದಾಪ್ರಿಯ, 9:26
ಒಂದು ಕ್ಷಣ ಹೋಗಿ ಬಂದಿರುತ್ತೆ, ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಚಿಪ್ ಮೇಲಿನ ನಂಬರ್ ಓದಿ ಹೇಳಿ.

ಬಾದಾಮಿ_ಬಂಡೆ, 9:31
ಬ್ಯಾಟರಿ ಇರುವ ಲ್ಯಾಪ್‌ಟಾಪ್‌ಗೆ ಕರೆಂಟ್ ಹೋದರೆಷ್ಟು, ಬಂದರೆಷ್ಟು? ಇನ್ನು ಆ ಕರಿ ಸಿಎಚ್341ಎ ಬೋರ್ಡ್ ಡೇಟಾ ಕಾಲುಗಳಿಗೆ 5 ವೋಲ್ಟ್ ಬಿಡುತ್ತದೆ. ಚಿಪ್ 3.3 ವೋಲ್ಟ್‌ದು, ಕೆಲವು 1.8ರದ್ದು, ಸುಟ್ಟು ಹೋದೀತು. ರಿಪೋರ್ಟ್ ಕೊಡಬೇಕಾದ ಹುಡುಗನಿಗೆ ಇದನ್ನ ಹೇಳ್ತೀರಾ? ಮತ್ತೆ, ಅದು ಬಯಾಸ್ ಅಲ್ಲ, ಅದರ ಜಾಗಕ್ಕೆ ಬಂದ ಯುಇಎಫ್‌ಐ. ಬಯಾಸ್ 1981ರ ಐಬಿಎಂ ಪಿಸಿ ಕಾಲದ್ದು.

ಕುಂದಾಪ್ರಿಯ, 9:35
ಸೆಟಪ್ ಪರದೆ ಮೇಲೇ ಬಯಾಸ್ ವರ್ಷನ್ ಅಂತ ಬರೆದಿರುತ್ತೆ. ಹೋಗಿ ಕಂಪನಿಗೆ ಪಾಠ ಹೇಳಿ. ನಾನು ನಾಲ್ಕು ಬೋರ್ಡ್ ಬದುಕಿಸಿದ್ದೇನೆ. ಟೇಬಲ್ ಮೇಲೆ ಎರಡು ಪ್ರೋಗ್ರಾಮರ್, ಹಾಟ್ ಏರ್, 1.8ರ ಅಡಾಪ್ಟರ್, ಎಲ್ಲಕ್ಕೂ 150 ಎಎಚ್ ಬ್ಯಾಟರಿಯ ಇನ್ವರ್ಟರ್.

ನಿರ್ವಾಹಕ, 9:41
ಈ ಚರ್ಚೆಯನ್ನು ಸಾಫ್ಟ್‌ವೇರ್ ವಿಭಾಗದಿಂದ ಹಾರ್ಡ್‌ವೇರ್ ವಿಭಾಗಕ್ಕೆ ಸರಿಸಿದ್ದೇನೆ.

ಬಾದಾಮಿ_ಬಂಡೆ, 9:43
ಫರ್ಮ್‌ವೇರ್ ಕೋಡ್ ಅಲ್ವಾ? ಹಾರ್ಡ್‌ವೇರ್ ಹೇಗಾಯಿತು?

ನಿರ್ವಾಹಕ, 9:44
ಚಿಪ್, ಕ್ಲಿಪ್, ವೋಲ್ಟ್ ಅಂತ ಜಗಳ ಆಡ್ತಿರೋದು ನೀವೇ.

ಗುಮ್ಮಟದ_ಪಿಸುಮಾತು, ವಿಜಯಪುರ, 9:52
ಒಂದು ಮಾತು ಕೇಳಲಾ? ‘ಆನ್ ಆಗುತ್ತಿಲ್ಲ’ ಅಂದರೆ ಏನು? ಕಂಪನಿ ಲೋಗೋ ಬರುತ್ತಾ?

ಸೆಕ್ಟರ್_ಹುಡುಗ, 9:55
ಲೋಗೋ ಬರುತ್ತೆ. ಆಮೇಲೆ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಮತ್ತೆ ರೀಸ್ಟಾರ್ಟ್.

ಗುಮ್ಮಟದ_ಪಿಸುಮಾತು, 9:58
ಬದುಕಿರೋ ಲ್ಯಾಪ್‌ಟಾಪ್‌ಗೆ ತಿಥಿ ಊಟ ಹಾಕಿಸ್ತಾ ಇದ್ದೀರಲ್ಲ! ಲೋಗೋ ಬಂತು ಅಂದರೆ ಚಿಪ್ ಚೆನ್ನಾಗಿದೆ. ವಿಂಡೋಸ್‌ಗೆ ಡಿಸ್ಕ್ ಸಿಗುತ್ತಿಲ್ಲ, ಅಷ್ಟೇ. ಯಾವ ಪ್ರೊಸೆಸರ್? ಬೇರೆ ಓಎಸ್ ಏನಾದರೂ ಹಾಕಿದ್ದೀರಾ?

ಸೆಕ್ಟರ್_ಹುಡುಗ, 10:04
ಇಂಟೆಲ್ ಐ5, 11ನೇ ಜನರೇಶನ್. ಹಾಂ, ದೀಪಾವಳಿಗೆ ಬಂದಾಗ ಅಣ್ಣ ವಿಂಡೋಸ್ ಜೊತೆ ಉಬುಂಟೂ ಹಾಕಿಕೊಟ್ಟಿದ್ದ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬರೆದಿರಲಿಲ್ಲ.

ಗುಮ್ಮಟದ_ಪಿಸುಮಾತು, 10:11
ಅದೇ ಸಂಬಂಧ. ಉಬುಂಟು ಹಾಕುವಾಗ ಅಣ್ಣ ವಿಎಂಡಿ ಅನ್ನೋ ಸೆಟ್ಟಿಂಗ್ (ಡಿಸ್ಕನ್ನು ನೋಡಿಕೊಳ್ಳುವ ಇಂಟೆಲ್ ವ್ಯವಸ್ಥೆ) ಆಫ್ ಮಾಡಿರುತ್ತಾರೆ. ಅದು ಆನ್ ಇದ್ದರೆ ಎಷ್ಟೋ ಸಲ ಇನ್‌ಸ್ಟಾಲರ್ ಮುಂದೆ ಹೋಗೋದಿಲ್ಲ. ವಿಂಡೋಸ್‌ಗೂ ಅದು ಆಫ್ ಇರೋದೇ ರೂಢಿ ಆಯಿತು. ಈಗಿನ ಅಪ್‌ಡೇಟ್ ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗ ಇದ್ದ ಹಾಗೆ ಮಾಡಿದೆ, ವಿಎಂಡಿ ಮತ್ತೆ ಆನ್ ಆಗಿದೆ. ಆನ್ ಮಾಡಿದ ಕೂಡಲೇ ಎಫ್2 ಒತ್ತಿ ಸೆಟಪ್‌ಗೆ ಹೋಗಿ. ಕೆಲವದರಲ್ಲಿ ಎಫ್10 ಅಥವಾ ಡಿಲೀಟ್. ಸ್ಟೋರೇಜ್ ಅಥವಾ ಅಡ್ವಾನ್ಸ್‌ಡ್ ಒಳಗೆ ವಿಎಂಡಿ ಹುಡುಕಿ ಆಫ್ ಮಾಡಿ, ಸೇವ್ ಮಾಡಿ. ನೀಲಿ ಪರದೆ ‘ರೀಸೆಟ್ ದಿಸ್ ಪಿಸಿ’ ಅಂದರೆ ಮಾತ್ರ ಒಪ್ಪಬೇಡಿ, ರಿಪೋರ್ಟ್ ಹೋದೀತು.

ಶೇಂಗಾ_ಹಿಂಡಿ, 10:13
ನನಗೂ ಸೇಮ್ ಪ್ರಾಬ್ಲಂ! ಅಪ್‌ಡೇಟ್ ಆದ ಮೇಲೆ 48 ಅಂಕಿಯ ಕೀ ಕೇಳ್ತಾ ಇದೆ.

ಬಾದಾಮಿ_ಬಂಡೆ, 10:15
ಸೇಮ್ ಅಲ್ಲ. ಅದು ಬಿಟ್‌ಲಾಕರ್, ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಫರ್ಮ್‌ವೇರ್ ಬದಲಾದರೆ ಟಿಪಿಎಂ (ಆ ಬೀಗದ ಕೀ ಕಾಯುವ ಭದ್ರತಾ ಚಿಪ್) ಲೆಕ್ಕ ತಾಳೆ ಆಗೋದಿಲ್ಲ, ಅದಕ್ಕೇ ಕೇಳುತ್ತೆ. ಫೋನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ರಿಕವರಿ ಕೀ ನೋಡಿ. ಮುಂದಿನ ಸಲ ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಶೇಂಗಾ_ಹಿಂಡಿ, 10:17
ಅಕೌಂಟ್ ಅಂಗಡಿಯವರು ಮಾಡಿಕೊಟ್ಟಿದ್ದು. ಯಾವ ಇಮೇಲ್ ಅಂತ ನೆನಪಿಲ್ಲ.

ನಿರ್ವಾಹಕ, 10:18
ಹೊಸ ಚರ್ಚೆ ಶುರು ಮಾಡಿ, ದಯವಿಟ್ಟು.

ಸೆಕ್ಟರ್_ಹುಡುಗ, 10:36
ಬಂತು ಬಂತು!! ವಿಂಡೋಸ್ ಬಂತು, ರಿಪೋರ್ಟ್ ಇದೆ! ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆದರೆ ಉಬುಂಟು ಬೇಕಾ ವಿಂಡೋಸ್ ಬೇಕಾ ಅಂತ ಕೇಳುವ ಮೆನು ಬರುತ್ತಿಲ್ಲ, ಸೀದಾ ವಿಂಡೋಸ್‌ಗೇ ಹೋಗುತ್ತೆ.

ಗುಮ್ಮಟದ_ಪಿಸುಮಾತು, 10:40
ಅಪ್‌ಡೇಟ್ ಬೂಟ್ ಪಟ್ಟಿಯನ್ನೂ ಅಳಿಸಿರಬೇಕು. ಉಬುಂಟು ಡಿಸ್ಕಿನಲ್ಲೇ ಇದೆ. ಸೆಟಪ್‌ನಲ್ಲಿ ಬೂಟ್ ಆಪ್ಷನ್ ಸೇರಿಸುವ ಜಾಗ ಇದ್ದರೆ, ಡಿಸ್ಕಿನ ಇಎಫ್‌ಐ ಭಾಗದ ಉಬುಂಟು ಫೋಲ್ಡರ್‌ನಲ್ಲಿ, ಉಬುಂಟು ಶುರು ಮಾಡುವ ಶಿಮ್‌ಎಕ್ಸ್64 ಫೈಲ್ ತೋರಿಸಿ. ಇಲ್ಲದಿದ್ದರೆ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಗ್ರಬ್ (ಆ ಮೆನು ತೋರಿಸುವ ಪ್ರೋಗ್ರಾಂ) ಮತ್ತೆ ಹಾಕಬೇಕು.

ಸೆಕ್ಟರ್_ಹುಡುಗ, 10:42
ಅದನ್ನ ಅಣ್ಣನೇ ಬಂದು ಮಾಡಲಿ. ಸೋಮವಾರದ ತನಕ ನಾನು ಎಫ್2 ಮುಟ್ಟೋದಿಲ್ಲ.

ಕುಂದಾಪ್ರಿಯ, 10:58
ಒಳ್ಳೆಯದಾಯಿತು. ಆದರೂ ಆ ಚಿಪ್ ನಂಬರ್ ಒಂದು ನೋಡಿ ಹೇಳಿ. 1.8 ಇರಬೇಕು ಅಂತ ನನ್ನ ಅಂದಾಜು.